ಬೀರುವಿನಲ್ಲಿ ಸಿಕ್ಕ ನೋಕಿಯಾ 6600: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಮೊಬೈಲ್‌ಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನೋಕಿಯಾ 6600 ಹೆಸರು ಮತ್ತೆ ಮತ್ತೆ ಕಾಣಿಸಿತು. ಹಾಗಾಗಿ ಈ ಸಲ ಅದಕ್ಕೊಂದಕ್ಕೇ ಜಾಗ ಕೊಟ್ಟಿದ್ದೇನೆ. ಇದು 2003ರ ಫೋನ್. ಅದಕ್ಕೂ ಒಂದು ವರ್ಷ ಮೊದಲು ಬಂದ ನೋಕಿಯಾ 7650ರ ಪರದೆ 4,096 ಬಣ್ಣ ತೋರಿಸುತ್ತಿತ್ತು. 6600 ಅದನ್ನು 65,536ಕ್ಕೆ ಏರಿಸಿತು. ಜೊತೆಗೆ ಕ್ಯಾಮೆರಾ, ಬ್ಲೂಟೂತ್, ಮೆಮೊರಿ ಕಾರ್ಡ್, ಹೊರಗಿನ ಆ್ಯಪ್ ಹಾಕಿಕೊಳ್ಳಲು ಸಿಂಬಿಯನ್ ವ್ಯವಸ್ಥೆ ಎಲ್ಲ ಇದ್ದವು. ಎಷ್ಟೋ ಮನೆಗಳಲ್ಲಿ ಇದು ಇನ್ನೂ ಬೀರುವಿನಲ್ಲಿದೆ. ಅದನ್ನು ಗುಜರಿಗೆ ಹಾಕುವ ಮುಂಚೆ ದಯವಿಟ್ಟು ಮೊದಲ ಪ್ರಶ್ನೆಯ ಉತ್ತರ ಓದಿ.

ಪ್ರಶ್ನೆ: ನಮ್ಮ ತಂದೆ ತೀರಿಕೊಂಡ ಮೇಲೆ ಅವರ ಬೀರು ಖಾಲಿ ಮಾಡುವಾಗ 6600 ಸಿಕ್ಕಿತು. ಅದರಲ್ಲಿ ಅವರು ತೆಗೆದ ಫೋಟೊ, ಮೆಸೇಜು, ಒಂದೆರಡು ಕಡೆ ಅವರ ದನಿಯೂ ಇದೆ ಅಂತ ಅಮ್ಮ ಹೇಳುತ್ತಾರೆ. ಚಾರ್ಜರ್ ಇಲ್ಲ, ಫೋನ್ ಆನ್ ಆಗುತ್ತಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಸರಿ ಮಾಡಿಕೊಡುತ್ತೇವೆ ಎನ್ನುತ್ತಾರೆ. ಏನು ಮಾಡಲಿ? — ಓದುಗರು, ಸಾಗರ

ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ. ಮಾಡಿಸಿದರೆ ಫೋನ್ ಉಳಿಯಬಹುದು, ಆದರೆ ನಿಮಗೆ ಬೇಕಾದದ್ದು ಹೋಗುತ್ತದೆ. ಬ್ಯಾಟರಿ ವರ್ಷಗಟ್ಟಲೆ ಸತ್ತು ಮಲಗಿದ್ದರೂ ಫೋಟೊ, ಮೆಸೇಜು ಸಾಮಾನ್ಯವಾಗಿ ತಾನಾಗಿ ಅಳಿಸಿಹೋಗುವುದಿಲ್ಲ. ಅವು ಕರೆಂಟ್ ಇಲ್ಲದೆಯೂ ಉಳಿಯುವ ಫ್ಲ್ಯಾಶ್ ಮೆಮೊರಿಯಲ್ಲಿ ಇರುತ್ತವೆ. ಗಡಿಯಾರ ತಪ್ಪಿರುತ್ತದೆ, ಅಷ್ಟೇ.

ಮೊದಲು ಬ್ಯಾಟರಿ ನೋಡೋಣ. ಹಿಂದಿನ ಮುಚ್ಚಳ ತೆಗೆದರೆ ಬಿಎಲ್-5ಸಿ ಬ್ಯಾಟರಿ ಕಾಣುತ್ತದೆ. ಅದನ್ನು ಹೊರತೆಗೆದು ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಬುಗುರಿ ಹಾಗೆ ಸುತ್ತಿದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಉಬ್ಬಿದ್ದನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಉಬ್ಬಿರದಿದ್ದರೂ ಇಷ್ಟು ವರ್ಷ ಪೂರ್ತಿ ಖಾಲಿಯಾಗಿ ಬಿದ್ದ ಬ್ಯಾಟರಿಯನ್ನು ನಾನು ನಂಬುವುದಿಲ್ಲ. ಹೊಸದು ಹಾಕಿ. ನೋಕಿಯಾ 1100ರಂಥ ಫೋನ್‌ಗಳೂ ಇದನ್ನೇ ಬಳಸುತ್ತಿದ್ದವು. ಸಣ್ಣ ಎಫ್‌ಎಂ ರೇಡಿಯೊ, ಸ್ಪೀಕರ್‌ಗಳಿಗೂ ಇದೇ ಬ್ಯಾಟರಿ ಬರುತ್ತದೆ. ಹಾಗಾಗಿ ಮೊಬೈಲ್ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ.

ಬ್ಯಾಟರಿಯ ಬಗ್ಗೆ ಇನ್ನೊಂದು ಮಾತು. 2007ರ ಆಗಸ್ಟ್‌ನಲ್ಲಿ ನೋಕಿಯಾ ಈ ಬಿಎಲ್-5ಸಿ ಬಗ್ಗೆಯೇ ಜಗತ್ತಿನಾದ್ಯಂತ ಎಚ್ಚರಿಕೆ ಕೊಟ್ಟಿತ್ತು. 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಮತ್ಸುಶಿತಾ ಕಂಪನಿ ಮಾಡಿದ ಸುಮಾರು 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗುವ ಸಂಭವ ಇತ್ತು. ನಿಮ್ಮ ತಂದೆಯವರ ಫೋನಿನಲ್ಲಿ ಆ ಕಾಲದ ಬ್ಯಾಟರಿ ಇರಬಹುದು. ಅದನ್ನು ಬಳಸದೇ ಇರಲು ಇದೂ ಒಂದು ಕಾರಣ.

ಚಾರ್ಜರ್ ಕೇಳುವಾಗ 'ನೋಕಿಯಾ ದಪ್ಪ ಪಿನ್' ಎನ್ನಿ. 6600ಕ್ಕೆ ಬೇಕಾದದ್ದು 3.5 ಮಿ.ಮೀ. ಪಿನ್. ಆಮೇಲೆ ಬಂದ ನೋಕಿಯಾಗಳದ್ದು 2 ಮಿ.ಮೀ. ಸಣ್ಣ ಪಿನ್. ಮನೆಯಲ್ಲಿ ಸಣ್ಣ ಪಿನ್ನಿನ ಚಾರ್ಜರ್ ಇದ್ದರೆ, ಅದನ್ನು ದಪ್ಪ ಪಿನ್ ಮಾಡುವ ಬೆರಳುದ್ದದ ತುಂಡು ಕೇಬಲ್ ಸಿಗುತ್ತದೆ. ಅದು ಸಾಕು.

ಫೋನ್ ಆನ್ ಆಗಿ ಸಿಮ್ ಕೇಳಿದರೆ ಗಾಬರಿ ಬೇಡ. ಯಾವುದಾದರೂ ಹಳೆಯ ಸಿಮ್ ಹಾಕಿ ನೋಡಿ. ಅದು ಚಾಲ್ತಿಯಲ್ಲಿ ಇರಬೇಕಾಗಿಲ್ಲ. ಐದಂಕಿಯ ಸೆಕ್ಯುರಿಟಿ ಕೋಡ್ ಕೇಳಿದರೆ 12345 ಒತ್ತಿ. ಕಂಪನಿಯಿಂದ ಬರುವಾಗ ಅದೇ ಇರುತ್ತಿತ್ತು, ಬದಲಾಯಿಸಿದವರು ಕಮ್ಮಿ. ಆದರೆ ಪಿನ್ ಕೇಳಿದರೆ ಊಹಿಸುತ್ತಾ ಕೂರಬೇಡಿ. ಅದು ಸಿಮ್‌ನದು, ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗುತ್ತದೆ. ಬೇರೆ ಸಿಮ್ ಹಾಕಿ.

ಈಗ ಮುಖ್ಯ ಕೆಲಸ. ನಿಮ್ಮ ಈಗಿನ ಆಂಡ್ರಾಯ್ಡ್ ಫೋನಿನಲ್ಲಿ ಬ್ಲೂಟೂತ್ ಆನ್ ಮಾಡಿ, ಅದರ ಸೆಟ್ಟಿಂಗ್ಸ್ ಪುಟವನ್ನು ತೆರೆದೇ ಇಡಿ. ಆಗ ಮಾತ್ರ ಅದು ಬೇರೆ ಫೋನಿಗೆ ಕಾಣುತ್ತದೆ. 6600ನಲ್ಲಿ ಗ್ಯಾಲರಿಗೆ ಹೋಗಿ ಒಂದು ಫೋಟೊ ಆರಿಸಿ, ಆಪ್ಷನ್ಸ್, ಸೆಂಡ್, ಬ್ಲೂಟೂತ್ ಒತ್ತಿ. ಅದು ಹುಡುಕಿ ನಿಮ್ಮ ಫೋನಿನ ಹೆಸರು ತೋರಿಸುತ್ತದೆ. ಪಾಸ್‌ಕೋಡ್ ಕೇಳಿದರೆ ಎರಡೂ ಫೋನಿನಲ್ಲಿ ಒಂದೇ ಅಂಕಿ, 1234 ಅಂತ ಹಾಕಿದರೂ ಆಯಿತು. ಹೊಸ ಫೋನಿನಲ್ಲಿ ಬರುವ 'ಆಕ್ಸೆಪ್ಟ್' ಒತ್ತುವುದು ತಡವಾದರೆ ಫೈಲ್ ವಾಪಸ್ ಹೋಗುತ್ತದೆ. ಐಫೋನ್ ಈ ಥರ ಬರುವ ಫೈಲ್ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಐಫೋನ್ ಮಾತ್ರ ಇದ್ದರೆ ಬ್ಲೂಟೂತ್ ಇರುವ ಲ್ಯಾಪ್‌ಟಾಪ್ ಬಳಸಿ. ವಿಂಡೋಸ್‌ನಲ್ಲಿ 'ರಿಸೀವ್ ಎ ಫೈಲ್' ಅಂತ ಇದೆ.

ಪೆನ್ಸಿಲ್ ಚಿತ್ರದ ಒಂದು ಕೀ ಇದೆ, ನೋಡಿ. ಅದನ್ನು ಒತ್ತಿ ಹಿಡಿದು ಜಾಯ್‌ಸ್ಟಿಕ್ಕನ್ನು ಕೆಳಗೆ ಒತ್ತುತ್ತಾ ಹೋದರೆ ಒಂದರ ಹಿಂದೆ ಒಂದು ಫೈಲಿಗೆ ಟಿಕ್ ಬೀಳುತ್ತದೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಕಳಿಸಬಹುದು. ಹೆಸರು-ನಂಬರುಗಳಿಗೂ ಇದೇ ದಾರಿ. ಕಾಂಟ್ಯಾಕ್ಟ್ಸ್‌ನಲ್ಲಿ ಟಿಕ್ ಮಾಡಿ ಬ್ಲೂಟೂತ್‌ನಲ್ಲಿ ಬಿಸಿನೆಸ್ ಕಾರ್ಡ್ ಆಗಿ ಕಳಿಸಿ. ಈಗಿನ ಯಾವ ಫೋನಾದರೂ ಅದನ್ನು ಓದುತ್ತದೆ. ನಂಬರುಗಳನ್ನು ಸಿಮ್‌ಗೆ ಕಾಪಿ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಸಿಮ್‌ನಲ್ಲಿ ಜಾಗ ಕಮ್ಮಿ. ಉದ್ದ ಹೆಸರು ಅರ್ಧಕ್ಕೆ ಕತ್ತರಿಸಿಹೋಗುತ್ತದೆ.

ದನಿಯ ತುಣುಕುಗಳು ರೆಕಾರ್ಡರ್‌ನಲ್ಲಿ ಎಎಂಆರ್ ಫೈಲ್ ಆಗಿ ಕೂತಿರುತ್ತವೆ. ಅವನ್ನೂ ಹೀಗೆ ಕಳಿಸಿ. ಹೊಸ ಫೋನಿನ ಪ್ಲೇಯರ್ ನುಡಿಸದಿದ್ದರೆ ವಿಎಲ್‌ಸಿ ಎನ್ನುವ ಪ್ಲೇಯರ್ ಆ್ಯಪ್ ಹಾಕಿಕೊಳ್ಳಿ, ನುಡಿಸುತ್ತದೆ.

ಮೆಸೇಜಿನ ವಿಷಯ ಬೇರೆ. ಎಸ್‌ಎಂಎಸ್ ಅನ್ನು 6600 ಬ್ಲೂಟೂತ್‌ನಲ್ಲಿ ಕಳಿಸುವುದಿಲ್ಲ. ನೋಕಿಯಾ ಪಿಸಿ ಸೂಟ್ ಹಾಕಿದ ಹಳೆಯ ಕಂಪ್ಯೂಟರ್ ಸಿಕ್ಕಿದರೆ ಪ್ರಯತ್ನಿಸಿ. ಅದಕ್ಕಿಂತ ಸುಲಭವೆಂದರೆ ಒಂದೊಂದೇ ಮೆಸೇಜು ತೆರೆದು ಪರದೆಯ ಫೋಟೊ ತೆಗೆಯುವುದು. ತಾರೀಖು ಗೊತ್ತಾಗಬೇಕಾದರೆ ಮೆಸೇಜಿನ ವಿವರದ ಪುಟದ ಫೋಟೊವೂ ಇರಲಿ. ಸಮಯ ಹಿಡಿಯುತ್ತದೆ, ನಿಜ. ಆದರೆ ಏನೂ ಕಳೆದುಹೋಗುವುದಿಲ್ಲ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಯಾವ ಮೆಸೇಜು ಯಾರದು, ಯಾವ ಸಂದರ್ಭದ್ದು ಅಂತ ಅವರಿಗಲ್ಲದೆ ಬೇರೆ ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ?

ಪ್ರಶ್ನೆ: ಅದೇ ಫೋನಿನ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪ್‌ಗೆ ಹಾಕಿದರೆ ಓದುವುದಿಲ್ಲ. 'ಫಾರ್ಮ್ಯಾಟ್ ಮಾಡಬೇಕೆ' ಅಂತ ಕೇಳುತ್ತದೆ. — ಓದುಗರು, ಧಾರವಾಡ

'ಬೇಡ' ಒತ್ತಿ. 6600ರ ಕಾರ್ಡು ಎಸ್‌ಡಿ ಅಲ್ಲ, ಎಂಎಂಸಿ. ಎರಡೂ ನೋಡಲು ಒಂದೇ ಅಗಲ, ಒಂದೇ ಉದ್ದ. ದಪ್ಪ ಮಾತ್ರ ಬೇರೆ: ಎಂಎಂಸಿ 1.4 ಮಿ.ಮೀ., ಎಸ್‌ಡಿ 2.1 ಮಿ.ಮೀ. ಹಾಗಾಗಿ ಎಂಎಂಸಿ ಕಾರ್ಡು ಎಸ್‌ಡಿ ಕಿಂಡಿಯಲ್ಲಿ ಹೋಗುತ್ತದೆ, ಆದರೆ ಎಲ್ಲ ಲ್ಯಾಪ್‌ಟಾಪ್‌ಗಳೂ ಅದನ್ನು ಗುರುತಿಸುವುದಿಲ್ಲ. ಎಂಎಂಸಿ ಅಂತ ಬರೆದಿರುವ ಯುಎಸ್‌ಬಿ ಕಾರ್ಡ್ ರೀಡರ್ ತನ್ನಿ. ಬೆಂಗಳೂರಿಗೆ ಬರುವುದಿದ್ದರೆ ಎಸ್‌ಪಿ ರೋಡಿನಲ್ಲಿ ಕೇಳಿ ನೋಡಿ.

ಅದಕ್ಕೂ ಓದದಿದ್ದರೆ ಕಾರ್ಡಿಗೆ ಪಾಸ್‌ವರ್ಡ್ ಹಾಕಿರಬಹುದು. ಈ ಫೋನಿನಲ್ಲಿ ಆ ಸೌಲಭ್ಯ ಇತ್ತು, ಕಾಲೇಜು ಹುಡುಗರು ತುಂಬಾ ಬಳಸುತ್ತಿದ್ದರು. ಲಾಕ್ ಆದ ಕಾರ್ಡು ಕಂಪ್ಯೂಟರಿನ ಕಣ್ಣಿಗೆ ಕೆಟ್ಟುಹೋದ ಕಾರ್ಡಿನಂತೆಯೇ ಕಾಣುತ್ತದೆ. ಅದನ್ನು ಮತ್ತೆ ಅದೇ 6600ಕ್ಕೆ ಹಾಕಿ. ಅದಕ್ಕೆ ಪಾಸ್‌ವರ್ಡ್ ನೆನಪಿರುವುದರಿಂದ ಸಾಮಾನ್ಯವಾಗಿ ಕೇಳದೆಯೇ ತೆರೆಯುತ್ತದೆ. ತೆರೆದರೆ ಫೋಟೊಗಳನ್ನು ಬ್ಲೂಟೂತ್‌ನಲ್ಲಿ ಸಾಗಿಸಿಬಿಡಿ. ಫೋನನ್ನು ಫಾರ್ಮ್ಯಾಟ್ ಮಾಡಬೇಡಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ. ಮಾಡಿದರೆ ಆ ನೆನಪೂ ಹೋಗುತ್ತದೆ. ಕಾರ್ಡ್ ಹಾಕುವಾಗ, ತೆಗೆಯುವಾಗ ಫೋನ್ ಆಫ್ ಆಗಿರಲಿ.

ಪ್ರಶ್ನೆ: ನನ್ನ 6600 ಚೆನ್ನಾಗಿದೆ. ಈಗಿನ ಸಿಮ್ ಹಾಕಿ ಮಾತಾಡಬಹುದೇ? — ಓದುಗರು, ತುಮಕೂರು

2ಜಿ ಇರುವ ಕಂಪನಿಯ ಸಿಮ್ ಆದರೆ ಆಗುತ್ತದೆ. ಈ ಫೋನ್ 900, 1800, 1900 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ 2ಜಿ ಫೋನ್. ನಮ್ಮ ದೇಶದ 2ಜಿ ಇರುವುದು 900 ಮತ್ತು 1800ರಲ್ಲಿ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ 2ಜಿ ನಡೆಸುತ್ತಿವೆ. ಜಿಯೊ ಶುರುವಿನಿಂದಲೂ 4ಜಿ ಕಂಪನಿ, ಅದರ ಸಿಮ್ ಇದರಲ್ಲಿ ನಡೆಯುವುದಿಲ್ಲ. ನಿಮ್ಮ ಸಿಮ್ ನ್ಯಾನೊ ಆಗಿದ್ದರೆ ಪ್ಲಾಸ್ಟಿಕ್ ಅಡಾಪ್ಟರ್ ಬೇಕು. ಸಿಮ್ ಇಲ್ಲದ ಖಾಲಿ ಅಡಾಪ್ಟರನ್ನು ಒಳಗೆ ತುರುಕಬೇಡಿ. ಒಳಗಿನ ಪಿನ್ನುಗಳಿಗೆ ಸಿಕ್ಕಿಕೊಂಡು ಅವನ್ನು ಮುರಿಯುತ್ತದೆ.

ಪ್ರಶ್ನೆ: ಕನ್ನಡ ಮೆಸೇಜು ಬಂದರೆ ಬರೀ ಚೌಕ ಚೌಕ ಕಾಣುತ್ತದೆ. ಸರಿ ಮಾಡುವುದು ಹೇಗೆ? — ಓದುಗರು, ಹಾಸನ

ಫೋನಿನಲ್ಲಿ ಕನ್ನಡ ಅಕ್ಷರಗಳ ಚಿತ್ರವೇ ಇಲ್ಲ. ಅದಕ್ಕೇ ಪ್ರತಿ ಅಕ್ಷರದ ಜಾಗದಲ್ಲಿ ಚೌಕ. ಆದರೆ ಮೆಸೇಜು ಕೆಟ್ಟಿಲ್ಲ. ಅಕ್ಷರದ ಯುನಿಕೋಡ್ ಸಂಖ್ಯೆಗಳು ಒಳಗೆ ಸರಿಯಾಗಿಯೇ ಇವೆ. ಆ ಮೆಸೇಜನ್ನು ಮನೆಯಲ್ಲಿರುವ ಸ್ಮಾರ್ಟ್‌ಫೋನಿಗೆ ಫಾರ್ವರ್ಡ್ ಮಾಡಿ, ಅಲ್ಲಿ ಕನ್ನಡವಾಗಿ ಕಾಣುತ್ತದೆ. ಕರೆಂಟ್ ಬಿಲ್ಲು, ಬ್ಯಾಂಕಿನ ಮೆಸೇಜು ಹೀಗೆ ಬಂದರೆ ಓದದೆ ಅಳಿಸಬೇಡಿ.

ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ ಸಿಗುವುದು 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆಯಾಗುತ್ತವೆ. 'ಕ್ಷಿ' ಅನ್ನುವ ಒಂದು ಅಕ್ಷರಕ್ಕೇ ನಾಲ್ಕು ಜಾಗ ಬೇಕು. ಹಾಗಾಗಿ ಫಾರ್ವರ್ಡ್ ಮಾಡಿದ ಒಂದು ಉದ್ದ ಮೆಸೇಜು ಎರಡು ಮೂರಾಗಿ ಹೋಗಿ ಅಷ್ಟು ದುಡ್ಡು ಕತ್ತರಿಸಬಹುದು. ನಮ್ಮ ಭಾಷೆಯಲ್ಲಿ ಬರೆದದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಕಾಗಿ ಬಂದದ್ದು ನನಗೆ ಆಗಲೂ ಬೇಜಾರು, ಈಗಲೂ ಬೇಜಾರು.

ಪ್ರಶ್ನೆ: ಫೋನ್ ತುಂಬಾ ನಿಧಾನ. ಒಂದೊಂದು ಸಲ 'ಮೆಮೊರಿ ಫುಲ್' ಅನ್ನುತ್ತದೆ. — ಓದುಗರು, ಮಂಡ್ಯ

ಮೆನು ಕೀಯನ್ನು ಎರಡು ಕ್ಷಣ ಒತ್ತಿ ಹಿಡಿಯಿರಿ. ಹಿಂದೆ ತೆರೆದೇ ಇರುವ ಆ್ಯಪ್‌ಗಳು ಸಾಲಾಗಿ ಕಾಣುತ್ತವೆ. ಬೇಡವಾದದ್ದರ ಮೇಲೆ ನಿಂತು 'ಸಿ' ಕೀ ಒತ್ತಿದರೆ ಅದು ಮುಚ್ಚುತ್ತದೆ. ಕ್ಯಾಮೆರಾ ಬಳಸಿ ಮೆನು ಕೀ ಒತ್ತಿ ಹೊರಬಂದರೆ ಅದು ಮುಚ್ಚಿರುವುದಿಲ್ಲ, ಹಿಂದೆ ಓಡುತ್ತಲೇ ಇರುತ್ತದೆ. ಫೋನಿನ ಪ್ರೊಸೆಸರ್ 104 ಮೆಗಾಹರ್ಟ್ಸ್, ಒಳಗಿನ ಜಾಗ ಬರೀ 6 ಎಂಬಿ. ಈಗಿನ ಫೋನ್ ತೆಗೆದ ಒಂದೇ ಒಂದು ಫೋಟೊ ಅದರ ಅರ್ಧ ಜಾಗ ತಿನ್ನುತ್ತದೆ. ವಾಲ್‌ಪೇಪರ್‌ಗೆ ಅಂತ ಹೊಸ ಫೋನಿನಿಂದ ಫೋಟೊ ಕಳಿಸುವವರು ಮೊದಲು ಅದನ್ನು 176x208 ಅಳತೆಗೆ ಇಳಿಸಿ ಕಳಿಸಿ. ಪರದೆಯ ಅಳತೆಯೇ ಅಷ್ಟು. ಅದಕ್ಕಿಂತ ದೊಡ್ಡದು ಕಳಿಸಿ ಲಾಭವಿಲ್ಲ.

ಮೆಸೇಜುಗಳೂ ಒಳಗಿನ ಜಾಗ ಹಿಡಿಯುತ್ತವೆ. ಮೆಸೇಜಿಂಗ್‌ನ ಸೆಟ್ಟಿಂಗ್ಸ್‌ನಲ್ಲಿ 'ಅದರ್' ಅನ್ನುವಲ್ಲಿ, ಬಳಸುವ ಮೆಮೊರಿ ಕಾರ್ಡಿನದು ಅಂತ ಬದಲಾಯಿಸಿ.

ಪ್ರಶ್ನೆ: ಇದರ ಕ್ಯಾಮೆರಾದಲ್ಲಿ ಒಳ್ಳೆಯ ಫೋಟೊ ಬರುತ್ತದೆಯೇ? ವಿಡಿಯೊ ಹತ್ತೇ ಸೆಕೆಂಡಿಗೆ ನಿಲ್ಲುತ್ತದೆ, ಕೆಟ್ಟಿದೆಯೇ? — ಓದುಗರು, ಉಡುಪಿ

ಕೆಟ್ಟಿಲ್ಲ. ವಿಡಿಯೊವನ್ನು ಎಂಎಂಎಸ್‌ನಲ್ಲಿ ಕಳಿಸುವಷ್ಟು ಚಿಕ್ಕದಾಗಿರಲಿ ಅಂತ ಕಂಪನಿಯವರೇ ಹಾಗೆ ಮಿತಿ ಇಟ್ಟಿದ್ದರು. ಫೋಟೊ 640x480, ಅಂದರೆ ಒಂದು ಮೆಗಾಪಿಕ್ಸೆಲ್‌ನ ಮೂರನೇ ಒಂದು ಭಾಗ. ಬೆಳಗಿನ ಬಿಸಿಲನ್ನು ನಿಮ್ಮ ಬೆನ್ನಿಗೆ ಹಾಕಿಕೊಂಡು, ಮುಖಕ್ಕೆ ಹತ್ತಿರ ನಿಂತು ತೆಗೆಯಿರಿ. ಜೂಮ್ ಮುಟ್ಟಬೇಡಿ, ಅದು ಇರುವ ಚುಕ್ಕೆಗಳನ್ನೇ ಹಿಗ್ಗಿಸುತ್ತದೆ. ಫ್ಲ್ಯಾಶ್ ಇಲ್ಲ. ನೈಟ್ ಮೋಡ್‌ನಲ್ಲಿ ಶಟರ್ ನಿಧಾನ, ಹಾಗಾಗಿ ಫೋನನ್ನು ಗೋಡೆಗೋ ಮೇಜಿಗೋ ಒರಗಿಸಿ, ಸೆಲ್ಫ್ ಟೈಮರ್ ಹಾಕಿ. ಕೈ ನಡುಕ ಫೋಟೊದಲ್ಲಿ ಬರುವುದಿಲ್ಲ. ಲೆನ್ಸಿನ ಮೇಲೆ ವರ್ಷಗಳ ಗೀರು, ಜಿಡ್ಡು ಇರುತ್ತದೆ. ಕನ್ನಡಕ ಒರೆಸುವ ಬಟ್ಟೆಯಲ್ಲಿ ಒರೆಸಿ ನೋಡಿ, ಅರ್ಧ ಮಂಜು ಅಲ್ಲೇ ಹೋಗುತ್ತದೆ.

ಪ್ರಶ್ನೆ: ಬ್ಲೂಟೂತ್ ಆನ್ ಇಟ್ಟರೆ ವೈರಸ್ ಬರುತ್ತದೆ ಅಂತ ಆಗ ಹೇಳುತ್ತಿದ್ದರು. ನಿಜವೇ? — ಓದುಗರು, ಕಲಬುರಗಿ

ನಿಜ. 2004ರಲ್ಲಿ ಕಾಣಿಸಿಕೊಂಡ 'ಕ್ಯಾಬಿರ್' ಈ ಜಾತಿಯ ಫೋನ್‌ಗಳಲ್ಲೇ ಬ್ಲೂಟೂತ್ ಮೂಲಕ ಹರಡಿತು. ಮೊಬೈಲ್‌ನಿಂದ ಮೊಬೈಲ್‌ಗೆ ಹರಡಿದ ಮೊದಲ ವೈರಸ್ ಅದೇ ಎನ್ನುತ್ತಾರೆ. ಅದು ತಾನಾಗಿ ಒಳಗೆ ಬರುತ್ತಿರಲಿಲ್ಲ. 'ಕ್ಯಾರಿಬ್' ಎನ್ನುವ ಫೈಲನ್ನು ಒಪ್ಪಿ ಇನ್‌ಸ್ಟಾಲ್ ಮಾಡಿದರೆ ಮಾತ್ರ ಬರುತ್ತಿತ್ತು. ಬಂದ ಮೇಲೆ ಸುತ್ತಲಿನ ಫೋನ್‌ಗಳನ್ನು ಹುಡುಕುತ್ತಾ ಬ್ಯಾಟರಿ ಬೇಗ ಖಾಲಿ ಮಾಡುತ್ತಿತ್ತು. ಈಗಲೂ ಫೈಲ್ ಸಾಗಿಸಿದ ಮೇಲೆ ಬ್ಲೂಟೂತ್ ಆಫ್ ಮಾಡಿ. ಹಳೆಯ ಫೋನಿನ ಇನ್‌ಬಾಕ್ಸ್‌ನಲ್ಲಿ ಆ ಕಾಲದ ಎಸ್‌ಐಎಸ್ ಫೈಲ್ (ಸಿಂಬಿಯನ್ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಬಿದ್ದಿದ್ದರೆ ತೆರೆಯದೆ ಅಳಿಸಿ.

ಪ್ರಶ್ನೆ: ವಾಟ್ಸ್‌ಆ್ಯಪ್ ಹಾಕಬಹುದೇ? ಇಂಟರ್‌ನೆಟ್? — ಓದುಗರು, ಶಿರಸಿ

ವಾಟ್ಸ್‌ಆ್ಯಪ್ ಆಗುವುದಿಲ್ಲ. ಇಂಟರ್‌ನೆಟ್ಟಿಗೆ ಇದರಲ್ಲಿ ಜಿಪಿಆರ್‌ಎಸ್ ಇದೆ. ಆದರೆ ಇಂದಿನ ಸುರಕ್ಷಿತ ವೆಬ್‌ಸೈಟ್‌ಗಳು ಬಳಸುವ ಗೂಢಲಿಪಿ ಇದರ ಬ್ರೌಸರ್‌ಗೆ ತಿಳಿಯದು, ಹಾಗಾಗಿ ಪುಟ ತೆರೆಯುವುದಿಲ್ಲ. ಹಳೆಯ ಬ್ರೌಸರ್ ಆ್ಯಪ್‌ಗಳನ್ನು ಎಲ್ಲಿಂದಲೋ ತಂದು ಹಾಕಿ ಅದರಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಸಾಹಸ ಬೇಡ. ಬ್ಯಾಂಕ್ ಕೆಲಸಕ್ಕೆ ಇದರಲ್ಲೂ ನಡೆಯುವುದು *99#. ನಿಮ್ಮ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇದರಲ್ಲಿರಬೇಕು. ಅದನ್ನು ಡಯಲ್ ಮಾಡಿದರೆ ಇಂಟರ್‌ನೆಟ್ ಇಲ್ಲದೆಯೇ ಬ್ಯಾಲೆನ್ಸ್ ನೋಡಬಹುದು, ದುಡ್ಡು ಕಳಿಸಬಹುದು. ಕನ್ನಡ ಆರಿಸಿದರೆ ಮತ್ತೆ ಅದೇ ಚೌಕಗಳು ಬರುತ್ತವೆ, ಇಂಗ್ಲಿಷನ್ನೇ ಆರಿಸಿ. ಒಟಿಪಿ ಮೆಸೇಜು, ಕರೆ ಎಲ್ಲ ಎಂದಿನಂತೆ ಬರುತ್ತವೆ.