‘ನುಂಗಿದ್ದಾರೆ’ ಎಂಬ ಒಂದು ಪದ

(ಪತ್ರ: ನಮ್ಮೂರ ರಸ್ತೆ ಬಗ್ಗೆ ನಿಮ್ಮ ಪತ್ರಿಕೆಗೆ ಬರೆದಿದ್ದೆ. ಈಗ ಗುತ್ತಿಗೆದಾರರು ವಕೀಲರಿಂದ ಮಾನನಷ್ಟದ ನೋಟಿಸ್ ಕೊಡಿಸಿದ್ದಾರೆ. ವಾಕ್ ಸ್ವಾತಂತ್ರ್ಯ ಇದೆ ಅಲ್ವಾ, ನಾನ್ಯಾಕೆ ಹೆದರಬೇಕು? – ಓದುಗರೊಬ್ಬರು, ಆಲೂರು ತಾಲ್ಲೂಕು)

ಅದೇ ನೋಟಿಸ್ ಹಾಸನದ ನಮ್ಮ ಕಚೇರಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂದಿದೆ. ಬರೆದವರಷ್ಟೇ ಅಲ್ಲ, ಅಚ್ಚು ಹಾಕಿದವನೂ ಹೊಣೆ. ಹಾಗಾಗಿ ದಡದಲ್ಲಿ ನಿಂತು ಈಜು ಹೇಳಿಕೊಡುತ್ತಿಲ್ಲ, ನಾನೂ ನೀರಲ್ಲೇ ಇದ್ದೇನೆ.

ಸಂವಿಧಾನದ 19(1)(ಎ) ಮಾತಾಡುವ ಹಕ್ಕು ಕೊಡುತ್ತದೆ, ನಿಜ. ಅದರ ಬೆನ್ನಿಗೇ, ಆ ಹಕ್ಕಿಗೆ ಮಿತಿ ಹಾಕಲು ಬಿಡುವ 19(2)ರಲ್ಲಿ ಮಾನಹಾನಿಯ ಹೆಸರೂ ಇದೆ. ಮಾನಹಾನಿಗೆ ಜೈಲು ಶಿಕ್ಷೆ ಇರುವುದು ಸಂವಿಧಾನಕ್ಕೆ ವಿರುದ್ಧವಲ್ಲ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಹೇಳಿತು. (ನನಗದು ಇವತ್ತಿಗೂ ಒಪ್ಪಿಗೆ ಇಲ್ಲ. ಮಾತಿನ ಜಗಳ ದುಡ್ಡಿನ ದಾವೆಯಲ್ಲೇ ಮುಗಿಯಬೇಕು. ಆದರೆ ನನ್ನ ಒಪ್ಪಿಗೆ ಕೇಳಿದವರು ಯಾರು!) ಮಾನಹಾನಿಯ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. 2 ವರ್ಷದವರೆಗೆ ಶಿಕ್ಷೆ ಆಗಬಹುದು.

ಕಟಕಟೆಯಲ್ಲಿ ‘ವಾಕ್ ಸ್ವಾತಂತ್ರ್ಯ’ ಅಂದರೆ ಸಾಲದು. ನಮ್ಮನ್ನು ಕಾಯುವುದು ಅದೇ ಸೆಕ್ಷನ್ನಿನ ವಿನಾಯಿತಿಗಳು. ಜನರ ಒಳಿತಿಗಾಗಿ ಹೇಳಿದ ನಿಜ ಮಾನಹಾನಿ ಅಲ್ಲ. ಸಾರ್ವಜನಿಕ ವಿಷಯದಲ್ಲಿ ಒಬ್ಬರ ನಡತೆ ಬಗ್ಗೆ ಸದುದ್ದೇಶದಿಂದ ಹೇಳಿದ ಅಭಿಪ್ರಾಯವೂ ಅಲ್ಲ. ಆದರೆ ಅದನ್ನು ತೋರಿಸಿಕೊಡಬೇಕಾದವರು ನಾವೇ.

ನಿಮ್ಮ ಪತ್ರ ಮತ್ತೆ ತೆಗೆದು ನೋಡಿದೆ. ‘ಒಂದು ಮಳೆಗಾಲಕ್ಕೇ ಜಲ್ಲಿ ಎದ್ದಿದೆ’ ಅಂದಿದ್ದೀರಿ. ಗುಂಡಿಯಲ್ಲಿ ಸ್ಕೇಲ್ ನಿಲ್ಲಿಸಿ ತೆಗೆದ ಫೋಟೋ ಇದೆ. ಮಾಹಿತಿ ಹಕ್ಕಿನಲ್ಲಿ ಪಡೆದ ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ಸರ್ಕಾರಿ ದಾಖಲೆ) ನಕಲೂ ಇದೆ. ಈ ಸಾಲು ಗಟ್ಟಿ. ‘ಕಳಪೆ ಕೆಲಸ’ ಅನ್ನುವುದು ನಿಮ್ಮ ಅಭಿಪ್ರಾಯ, ಅದೂ ಈ ಫೋಟೋ ಮೇಲೆ ನಿಂತಿದೆ. ತೊಂದರೆ ಇರುವುದು ಕೊನೇ ಸಾಲಿನಲ್ಲಿ: ‘ಇಂಜಿನಿಯರ್ ಜೊತೆ ಸೇರಿ ದುಡ್ಡು ನುಂಗಿದ್ದಾರೆ.’ ಇದಕ್ಕೆ ಏನಿದೆ? ಊರೆಲ್ಲ ಹಾಗೇ ಹೇಳುತ್ತಾರೆ ಅಂತೀರಿ. ಊರಿನ ಬಾಯಿಗೆ ಸಮನ್ಸ್ ಕೊಡೋಕಾಗಲ್ಲ.

ಆ ಸಾಲನ್ನು ಹೊಡೆದುಹಾಕಬೇಕಿದ್ದವನು ನಾನು. ಪ್ರೂಫ್ ನೋಡುವಾಗ ಪೆನ್ನು ಅಲ್ಲೇ ನಿಂತಿತ್ತು. ಪ್ರೆಸ್ಸಿಗೆ ಹೊತ್ತಾಗಿತ್ತು, ಬಿಟ್ಟುಬಿಟ್ಟೆ.

ಪರಿಹಾರ ಕೇಳಿ ಇಂಜಿನಿಯರ್ ದಾವೆ ಹಾಕಿದ್ದರೆ ಮಾತು ಸ್ವಲ್ಪ ಬೇರೆ. ಸರ್ಕಾರಿ ಕೆಲಸದ ಬಗ್ಗೆ ಬರೆದದ್ದು ತಪ್ಪಾಗಿದ್ದರೂ, ನಿಜ ಸುಳ್ಳು ನೋಡದೆ ಬರೆದರು ಅಂತ ಅಧಿಕಾರಿ ತೋರಿಸಬೇಕು ಎಂದು ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪು ಹೇಳುತ್ತದೆ. ಗುತ್ತಿಗೆದಾರರಿಗೆ ಆ ಕಟ್ಟಿಲ್ಲ.

ಮುಂದಿನ ಸಂಚಿಕೆಯಲ್ಲಿ ಆ ಕೊನೇ ಸಾಲನ್ನು ವಾಪಸ್ ಪಡೆಯುತ್ತೇವೆ. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಗುಂಡಿ ಫೋಟೋ ಈ ಸಲ ದೊಡ್ಡದಾಗಿ ಹಾಕೋಣ. ಬುಧವಾರ ನಕಲುಗಳನ್ನೂ, ಅವು ಬಂದ ಸೀಲ್ ಇರುವ ಕವರನ್ನೂ ತನ್ನಿ. ನಮ್ಮ ವಕೀಲರು ಬಂದಿರುತ್ತಾರೆ. ಮೊಬೈಲಿನಲ್ಲಿರುವ ಫೋಟೋ ಮಾತ್ರ ಅಳಿಸಬೇಡಿ.