ಕಾಫಿ ಸೀಮೆಯಲ್ಲಿ ಅನಾನಸ್: ಜುಟ್ಟು ನೆಡಬೇಕೋ, ಬುಡದ ಮರಿಯೋ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದ ಅಂಚಿನಲ್ಲಿ ಅರ್ಧ ಎಕರೆಯಷ್ಟು ಜಾಗಕ್ಕೆ ಹೊಸದಾಗಿ ಅಡಿಕೆ ಸಸಿ ಹಾಕಿದ್ದೇವೆ. ಸಾಲುಗಳ ನಡುವೆ, ಪೇಟೆಯಿಂದ ತಂದ ಅನಾನಸ್ ಹಣ್ಣಿನ ಜುಟ್ಟುಗಳನ್ನು ಜುಲೈನಲ್ಲಿ ನೆಟ್ಟಿದ್ದೆ. ಹಲವು ಗಿಡಗಳ ಸುಳಿ ಕೊಳೆತು, ಎಳೆದರೆ ಕೈಗೇ ಬಂತು. ಉಳಿದವು ಎರಡು ವರ್ಷವಾದರೂ ಒಂದೊಂದಾಗಿ, ಮನಸ್ಸು ಬಂದಾಗ ಹೂ ಬಿಡುತ್ತಿವೆ. ಎಲ್ಲಿ ತಪ್ಪಾಗಿದೆ? ಇನ್ನೊಂದು ಸಂಶಯ: ಈ ಹಣ್ಣು ತಿಂದರೆ ನಾಲಿಗೆ ಉರಿಯುವುದೇಕೆ?

ಉತ್ತರ: ತಾವು ಮಾಡಿದ್ದರಲ್ಲಿ ಎರಡು ತಪ್ಪುಗಳಿವೆ, ಒಂದು ನೆಟ್ಟ ಕಾಲದ್ದು, ಇನ್ನೊಂದು ನೆಟ್ಟ ವಸ್ತುವಿನದು.

ಅನಾನಸ್ ದಕ್ಷಿಣ ಅಮೆರಿಕದ ಗಿಡ. ಕೊಲಂಬಸನ ಕಡೆಯವರು ಇದನ್ನು 1493ರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಕಂಡರು. ಭಾರತಕ್ಕೆ ತಂದವರು ಪೋರ್ಚುಗೀಸರು. ಇದು ಸೇರಿರುವ ಬ್ರೊಮೆಲಿಯೇಸಿ ಕುಟುಂಬದಲ್ಲಿ ಆಹಾರದ ಬೆಳೆಯಾಗಿ ಜಗತ್ತಿನಾದ್ಯಂತ ಹರಡಿರುವುದು ಇದೊಂದೇ. ಹೋಮ್‌ಸ್ಟೇಗಳ ಅಂಗಳದಲ್ಲಿ ಕೆಂಪು ಸುಳಿಯಿಂದ ಕಣ್ಸೆಳೆಯುವ ಗುಜ್ಮೇನಿಯಾ ಮುಂತಾದವು ಇದರ ದಾಯಾದಿಗಳು. ಬಹುತೇಕ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಉಸಿರಾಡಿದರೆ, ಅನಾನಸ್ ಹೆಚ್ಚಾಗಿ ರಾತ್ರಿಯ ತಂಪಿನಲ್ಲಿ ತೆರೆದು, ಗಾಳಿಯಿಂದ ಪಡೆದುದನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಿಸಿಲಿನಲ್ಲಿ ಅದನ್ನು ಬಳಸಿಕೊಳ್ಳುತ್ತದೆ. ಹೀಗಾಗಿ ನೀರಿನ ಖರ್ಚು ಬಹಳ ಕಡಿಮೆ. ಇಂಥ ಜಿಪುಣ ಗಿಡವನ್ನು ಮಲೆನಾಡಿನ ಜಡಿಮಳೆಯಲ್ಲಿ, ನೀರು ನಿಲ್ಲುವ ಮಟ್ಟಸ ನೆಲದಲ್ಲಿ ನೆಟ್ಟರೆ ಫೈಟಾಪ್ತೊರಾ ಎಂಬ ರೋಗಾಣುವಿಗೆ ಔತಣ ಕೊಟ್ಟಂತೆಯೇ ಸರಿ. ತಮ್ಮ ಗಿಡಗಳ ಸುಳಿ ಕೊಳೆತದ್ದು ಬಹುಪಾಲು ಇದರಿಂದಲೇ. ಔಷಧಿಗಿಂತ ಮೊದಲು ಬೇಕಾದದ್ದು ಬಸಿಗಾಲುವೆ ಮತ್ತು ಏರುಮಡಿ. ನಮ್ಮ ಕಾಫಿ ಮಣ್ಣಿನ ಹುಳಿಗುಣ ಅನಾನಸ್‌ಗೆ ಒಗ್ಗುತ್ತದೆ, ಆದ್ದರಿಂದ ಸುಣ್ಣ ಹಾಕುವ ಆತುರ ಬೇಡ.

ಏಪ್ರಿಲ್-ಮೇ ತಿಂಗಳ ಮೊದಲ ಮಳೆಗೆ ನೆಟ್ಟು, ಮುಂಗಾರು ಜೋರಾಗುವಷ್ಟರಲ್ಲಿ ಬೇರು ಹಿಡಿಯುವಂತೆ ನೋಡಿಕೊಳ್ಳಿ; ಅದು ತಪ್ಪಿದರೆ ಮಳೆಯ ಆರ್ಭಟ ಇಳಿದ ಮೇಲೆ ನೆಡಿ. ಜೂನ್-ಜುಲೈ ಮಾತ್ರ ಬೇಡ.

ಜುಟ್ಟಿನಿಂದಲೂ ಗಿಡವಾಗುತ್ತದೆ, ಆದರೆ ಹೂ ಬಿಡಲು ಸಾಮಾನ್ಯವಾಗಿ ಒಂದೂವರೆ ವರ್ಷಕ್ಕೂ ಮೇಲೆ ಕಾಯಿಸುತ್ತದೆ. ಬುಡದ ಮರಿಯಾದರೆ ಸುಮಾರು ಒಂದು ವರ್ಷಕ್ಕೆ ಹೂವಿಗೆ ಬರುತ್ತದೆ. ರೋಗವಿಲ್ಲದ ತೋಟದಿಂದ 500ರಿಂದ 750 ಗ್ರಾಂ ತೂಗುವ ಮರಿಗಳನ್ನೇ ಆರಿಸಿ, ಕೆಳಗಿನ ಒಣ ಎಲೆ ಸುಲಿದು, ಒಂದು ವಾರ ನೆರಳಿನಲ್ಲಿ ಒಣಗಿಸಿ ನೆಡಬೇಕು. ತೂಕದ ಮಾತನ್ನು ಹಗುರವಾಗಿ ಕಾಣಬೇಡಿ. ಸಣ್ಣದು ದೊಡ್ಡದು ಬೆರೆಸಿ ನೆಟ್ಟವರ ತೋಟದಲ್ಲಿ ಕೊಯ್ಲು ವರ್ಷವಿಡೀ ಎಳೆದಾಡುತ್ತದೆ, ಒಂದು ಜೀಪಿನಷ್ಟು ಹಣ್ಣೂ ಒಟ್ಟಿಗೆ ಸಿಗುವುದಿಲ್ಲ.

ಹೂವನ್ನು ಒಂದೇ ಸಲಕ್ಕೆ ತರಿಸುವ ಕ್ರಮವೂ ಇದೆ. 35ರಿಂದ 40 ಎಲೆ ಬಂದ ಗಿಡಗಳಿಗೆ, 50 ಲೀಟರ್ ನೀರಿಗೆ ಶೇ 39ರ ಎಥಿಫಾನ್ 3.2 ಮಿ.ಲೀ., ಯೂರಿಯಾ 1 ಕೆ.ಜಿ. ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ 20 ಗ್ರಾಂ ಬೆರೆಸಿ, ಮಳೆಯಿಲ್ಲದ ದಿನ ಪ್ರತಿ ಗಿಡದ ಸುಳಿಗೆ 50 ಮಿ.ಲೀ.ನಂತೆ ಸುರಿಯಬೇಕು. ಇಷ್ಟು ದ್ರಾವಣ 1000 ಗಿಡಗಳಿಗೆ ಸಾಕು. ಸುಮಾರು 40 ದಿನಗಳಲ್ಲಿ ಹೂ ಕಾಣಿಸುತ್ತದೆ. ಈಗ ತಮ್ಮಲ್ಲಿ ಉಳಿದಿರುವ ಗಿಡಗಳ ಪೈಕಿ ಎಲೆ ಎಣಿಕೆ ತುಂಬಿದವಕ್ಕೆ ಮಾತ್ರ ಇದನ್ನು ಮಾಡಿ. ಎಳೆಯ ಗಿಡಕ್ಕೆ ಹೂ ಬರಿಸಿದರೆ ಹಣ್ಣು ಮುಷ್ಟಿಗಾತ್ರಕ್ಕೆ ನಿಲ್ಲುತ್ತದೆ.

ತಳಿಗಳಲ್ಲಿ ಕ್ಯೂ ಎರಡು-ಮೂರು ಕಿಲೋ ತೂಗುವ, ರಸಭರಿತವಾದ ಹಣ್ಣು ಕೊಡುತ್ತದೆ. ದೂರದ ಮಾರುಕಟ್ಟೆಗೆ ಕಳಿಸುವುದಾದರೆ, ಸಾಗಣೆ ತಡೆಯುವ ಮಾರಿಷಸ್ ತಳಿಯೇ ವಾಸಿ ಎಂದು ನನ್ನ ಅಭಿಪ್ರಾಯ; ಎಲೆಯ ಮುಳ್ಳನ್ನು ಸಹಿಸಿಕೊಳ್ಳಬೇಕು. ಅಡಿಕೆಯ ನೆರಳು ದಟ್ಟವಾಗುವವರೆಗೆ, ಅಂದರೆ ಮೊದಲ ಮೂರು-ನಾಲ್ಕು ವರ್ಷ, ಈ ಅಂತರಬೆಳೆ ನಡೆಯುತ್ತದೆ. ಎಲೆಯ ಬುಡದಲ್ಲಿ ಇರುವೆ ಸಾಲು ಕಂಡರೆ ಹಿಟ್ಟುತಿಗಣೆ ಇದೆಯೇ ಎಂದು ನೋಡಿ, ಗಿಡ ಸೊರಗುವ ರೋಗ ಅದರೊಂದಿಗೇ ಬರುತ್ತದೆ. ಕಾಯಿ ಇದ್ದಾಗಲೇ ಕೊಯ್ದು ಮನೆಯಲ್ಲಿಟ್ಟರೆ ಬಣ್ಣ ಬಂದೀತು, ಸಿಹಿ ಹೆಚ್ಚದು. ಬಾಳೆಯಂತೆ ಇದರಲ್ಲಿ ಸಕ್ಕರೆಯಾಗಲು ಪಿಷ್ಟದ ದಾಸ್ತಾನಿಲ್ಲ.

ತಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತನ್ನೂ ಹೇಳಬೇಕು. ಸಕಲೇಶಪುರ, ಆಲೂರು ಭಾಗದಲ್ಲಿ ಆನೆಗಳ ಓಡಾಟ ತಮಗೆ ತಿಳಿಯದ್ದಲ್ಲ. ಮಾಗಿದ ಅನಾನಸ್ ಅವಕ್ಕೆ ಬಲು ಪ್ರಿಯ. ತೋಟದ ಆ ಅಂಚು ಆನೆ ದಾಟುವ ದಾರಿಯಲ್ಲಿದ್ದರೆ, ಹಣ್ಣಿನ ಜೊತೆಗೆ ಅಡಿಕೆ ಸಸಿಗಳೂ ತುಳಿತಕ್ಕೆ ಸಿಕ್ಕಾವು. ಅಂಥಲ್ಲಿ ನೆಡಬೇಡಿ ಎನ್ನುವುದೇ ನನ್ನ ಸಲಹೆ.

ನಾಲಿಗೆಯ ಉರಿಗೆ ಮುಖ್ಯ ಕಾರಣ ಬ್ರೊಮಿಲೇನ್ ಎಂಬ, ಪ್ರೋಟೀನನ್ನು ಕರಗಿಸುವ ಕಿಣ್ವ. ಹಣ್ಣಿನ ಹುಳಿಯೂ ಅದಕ್ಕೆ ಜೊತೆಗೂಡುತ್ತದೆ. ಮಾಂಸ ಮೆದುಗೊಳಿಸಲು ಹಸಿ ಹಣ್ಣಿನ ರಸ ಸವರುವುದು ಈ ಕಿಣ್ವದ ಗುಣದಿಂದಲೇ, ಕಾರ್ಖಾನೆಗಳು ಇದನ್ನು ಪಡೆಯುವುದು ನಾವು ಕಡಿದೆಸೆಯುವ ಗಿಡದ ಕಾಂಡದಿಂದ. ಬೇಯಿಸಿದರೆ ಅದರ ಶಕ್ತಿ ಅಡಗುತ್ತದೆ, ಆದ್ದರಿಂದ ಗೊಜ್ಜು ಎಷ್ಟು ತಿಂದರೂ ನಾಲಿಗೆ ಕಚ್ಚದು. ಹಾಲು ಬೆರೆಯುವ ಸಿಹಿಗೆ ಹಾಕುವುದಿದ್ದರೆ ಹೋಳುಗಳನ್ನು ಮೊದಲು ಸಕ್ಕರೆ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಆರಿಸಿ ಬಳಸಿ. ಹಸಿಯಾಗಿ ಹಾಕಿದರೆ ಹಾಲು ಒಡೆದು ಕಹಿಯಾಗುತ್ತದೆ.