ನೀರಿಗಿಳಿಯುವ ಮುನ್ನ: ಓದುಗರ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಕಳೆದ ಡಿಸೆಂಬರಿನಲ್ಲಿ ಅಂಡಮಾನಿನ ಹ್ಯಾವ್ಲಾಕ್‌ಗೆ ಹೋಗಿ ಪಾಡಿ ಸಂಸ್ಥೆಯ ಸ್ಕೂಬಾ ಡೈವಿಂಗಿನ ಮೊದಲ ಹಂತ, ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಒಟ್ಟು ಆರು ಡೈವ್ ಆಗಿದೆ. ಈಗ ಮುಂದಿನ ಹಂತವಾದ ಅಡ್ವಾನ್ಸ್ಡ್ ಮಾಡುವ ಆಸೆ. ಒಂದು ಕಡೆ ಎಸ್‌ಎಸ್‌ಐ ಅನ್ನುವ ಇನ್ನೊಂದು ಸಂಸ್ಥೆಯ ಕೋರ್ಸ್ ಕಡಿಮೆ ದುಡ್ಡಿಗೆ ಸಿಗುತ್ತಿದೆ. ಸಂಸ್ಥೆ ಬದಲಿಸಿದರೆ ಹಳೆಯ ಕಾರ್ಡ್ ದಂಡ ಆಗುತ್ತದೆ ಅಂತ ಗೆಳೆಯ ಹೆದರಿಸುತ್ತಿದ್ದಾನೆ. ನಿಜವೇ?
– ಶಿಡ್ಲಘಟ್ಟದ ಓದುಗ

ಉತ್ತರ: ಇಲ್ಲ, ದಂಡ ಆಗುವುದಿಲ್ಲ. ಪಾಡಿ ಕಾರ್ಡ್ ತೋರಿಸಿ ಎಸ್‌ಎಸ್‌ಐನ ಮುಂದಿನ ಕೋರ್ಸಿಗೆ ಸೇರಬಹುದು. ಎಸ್‌ಎಸ್‌ಐನಿಂದ ಪಾಡಿಗೆ ಬರುವವರಿಗೂ ಅಷ್ಟೆ. ಸ್ಕೂಬಾಕ್ಕೆ ಆರ್‌ಟಿಒ ತರಹ ಸರ್ಕಾರಿ ಕಚೇರಿ ಇಲ್ಲ. 1966ರಲ್ಲಿ ಶುರುವಾದ ಪಾಡಿ, 1970ರ ಎಸ್‌ಎಸ್‌ಐ ಎರಡೂ ಖಾಸಗಿ ಸಂಸ್ಥೆಗಳೇ. ಎರಡರ ಓಪನ್ ವಾಟರ್ ಕೋರ್ಸೂ ಒಂದೇ ಅಂತರರಾಷ್ಟ್ರೀಯ (ಐಎಸ್‌ಒ) ಮಟ್ಟಕ್ಕೆ ಹೊಂದುತ್ತದೆ. 18 ಮೀಟರ್ ಆಳದ ಮಿತಿಯೂ ಒಂದೇ.

ಮೋಸ ಹೋಗುವುದು ಹೆಸರಿನಲ್ಲಿ. ಪಾಡಿಯ ಅಡ್ವಾನ್ಸ್ಡ್ ಅಂದರೆ ಐದು ಡೈವ್. ಅದರಲ್ಲಿ ಒಂದು ಆಳದ್ದು, ಒಂದು ದಿಕ್ಸೂಚಿ ಹಿಡಿದು ದಾರಿ ಹುಡುಕುವುದು, ಇವೆರಡು ಕಡ್ಡಾಯ. ಎಸ್‌ಎಸ್‌ಐನಲ್ಲಿ ಇದಕ್ಕೆ ಸಮನಾದದ್ದು ಅಡ್ವಾನ್ಸ್ಡ್ ಅಡ್ವೆಂಚರರ್. ಆದರೆ ಅವರಲ್ಲೇ ಅಡ್ವಾನ್ಸ್ಡ್ ಓಪನ್ ವಾಟರ್ ಡೈವರ್ ಅಂತ ಇನ್ನೊಂದಿದೆ. ಅದು ಸಿಗಬೇಕಾದರೆ ಒಂದೊಂದೇ ವಿಷಯ ಕಲಿಸುವ ನಾಲ್ಕು ಸ್ಪೆಷಾಲಿಟಿ ಕೋರ್ಸ್ ಮುಗಿಸಿ, 24 ಡೈವ್ ಆಗಿರಬೇಕು. ನಿಮಗೆ ಕಡಿಮೆ ದುಡ್ಡಿಗೆ ಕೊಡುತ್ತಿರುವುದು ಯಾವುದು ಅಂತ ಕೇಳಿದ್ದೀರಾ?

ಇನ್ನು ನನ್ನ ಕಥೆ. ನಾನು ಅಡ್ವಾನ್ಸ್ಡ್ ಮಾಡಿದ್ದು ಎರಡೇ ದಿನದಲ್ಲಿ. ಊರು, ಸಂಸ್ಥೆ ಯಾವುದೂ ಬೇಡ ಬಿಡಿ. ಒಬ್ಬ ಇನ್‌ಸ್ಟ್ರಕ್ಟರ್, ನಾವು ಆರು ಜನ. ದಿಕ್ಸೂಚಿಯ ಡೈವಿನಲ್ಲಿ ನಾನು ಮುಳ್ಳನ್ನೇ ನೋಡಲಿಲ್ಲ, ಮುಂದಿನವರ ಕಾಲಿನ ಫಿನ್ ನೋಡಿಕೊಂಡು ಹೋದೆ. ಆದರೂ ಪಾಸ್! ಮೂರು ತಿಂಗಳಾದ ಮೇಲೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸುಮಾರು 20 ಮೀಟರ್ ಕೆಳಗೆ ಒಂದು ಆಮೆ ಕಂಡಿತು. ಅದರ ಹಿಂದೆಯೇ ಹೋದೆ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುವ ಗೇಜ್ ನೋಡುವ ಹೊತ್ತಿಗೆ 200 ಬಾರ್ ಇದ್ದ ಒತ್ತಡ 40ಕ್ಕೆ ಇಳಿದಿತ್ತು. ಜೊತೆಯವರು ಎಲ್ಲೋ ಇದ್ದರು. ಗೈಡ್ ತಮ್ಮ ಸಿಲಿಂಡರಿನ ಗಾಳಿ ಕೊಟ್ಟು ಮೇಲಕ್ಕೆ ತಂದರು. ದೋಣಿಯಲ್ಲಿ ಯಾರೂ ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆ ಆಯಿತು.

ಆಮೇಲೆ ನನಗೆ ಸಿಕ್ಕ ಗುರು ಬೇರೆ ಸಂಸ್ಥೆಯವರು. ಮೊದಲ ದಿನ ಮೀನೂ ಇಲ್ಲ, ಆಮೆಯೂ ಇಲ್ಲ. ಐದು ಮೀಟರಿನಲ್ಲಿ ಕೈಕಾಲು ಆಡಿಸದೆ ಸುಮ್ನೆ ತೇಲಬೇಕು, ಎರಡೆರಡು ನಿಮಿಷಕ್ಕೆ ಗೇಜ್ ನೋಡಿ ಬೆರಳಿನಲ್ಲಿ ಲೆಕ್ಕ ತೋರಿಸಬೇಕು. ನನಗೆ ನಮ್ಮ ದೊಡ್ಡಪ್ಪ ನೆನಪಾದರು. ಗುಬ್ಬಿ ಹತ್ತಿರ ನಮ್ಮ ತೋಟದ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿ ಈಜು ಕಲಿಸಿದವರು ಅವರು. ಅಕ್ಕನಿಗೆ ಎರಡು ವಾರಕ್ಕೇ ಬೆಂಡು ಬಿಚ್ಚಿದರು. ನನಗೆ ಒಂದು ತಿಂಗಳು ಬಿಚ್ಚಲಿಲ್ಲ. ಎಷ್ಟು ಅತ್ತರೂ ಬಿಚ್ಚಲಿಲ್ಲ. ನಿಮಗೂ ಅಂಥವರೇ ಬೇಕು. ಕಾರ್ಡಿನ ಮೇಲೆ ಯಾವ ಮುದ್ರೆ ಇದ್ದರೂ ಸರಿ.

ಹುಡುಕುವುದು ಹೇಗೆ? ಫೋನ್ ಮಾಡಿ, ರೇಟ್ ಕೇಳುವ ಮೊದಲು ನನಗೆ ಪಾಠ ಹೇಳುವವರ ಜೊತೆಯೇ ಮಾತಾಡಬೇಕು ಅನ್ನಿ. ನೀರಿನಲ್ಲಿ ಒಬ್ಬರಿಗೆ ಎಷ್ಟು ಜನ, ಒಂದು ಪಾಠ ಬರದಿದ್ದರೆ ಇನ್ನೊಂದು ದಿನ ಕೊಡುತ್ತೀರಾ ಅಂತ ಕೇಳಿ. ಕೊನೆಗೆ ಒಂದು ಕೊಕ್ಕೆ ಪ್ರಶ್ನೆ: "ಎರಡು ಡೈವ್ ಮುಗಿಸಿ ಅವತ್ತೇ ರಾತ್ರಿ ಬಸ್ಸಿಗೆ ಊರಿಗೆ ಹೊರಡಬಹುದಾ?" ವಿಮಾನಕ್ಕೆ 18 ಗಂಟೆ ಕಾಯಬೇಕು ಅನ್ನುವುದು ನಿಮಗೂ ಗೊತ್ತು. ಆದರೆ 600 ಮೀಟರಿಗಿಂತ ಎತ್ತರಕ್ಕೆ ಘಾಟಿ ಹತ್ತಿದರೂ ವಿಮಾನ ಹತ್ತಿದ ಹಾಗೇ ಲೆಕ್ಕ. ಡೈವಿನಲ್ಲಿ ಮೈಯೊಳಗೆ ಕರಗಿ, ಒತ್ತಡ ಇಳಿದರೆ ಗುಳ್ಳೆಯಾಗಿ ಏಳುವ ನೈಟ್ರೋಜನ್ನಿಗೆ ಗಾಳಿಯ ಒತ್ತಡ ಕಡಿಮೆ ಆದದ್ದಷ್ಟೇ ಗೊತ್ತು, ಬಸ್ಸೋ ವಿಮಾನವೋ ಗೊತ್ತಿಲ್ಲ. ನಮ್ಮ ತುಮಕೂರು, ನಿಮ್ಮ ಶಿಡ್ಲಘಟ್ಟ ಎರಡೂ 800 ಮೀಟರ್ ದಾಟಿದ ಊರುಗಳು. "ಏನಾಗಲ್ಲ, ಹೋಗಿ" ಅಂದವರ ಹತ್ತಿರ ಹೋಗಬೇಡಿ. "ಯಾವೂರು ನಿಮ್ಮದು?" ಅಂತ ತಿರುಗಿ ಕೇಳಿದರೆ ಆ ನಂಬರ್ ಸೇವ್ ಮಾಡಿಕೊಳ್ಳಿ.

ಸಂಸ್ಥೆ ನೋಡಿ ಆರಿಸುವ ಕಾಲ ಮುಂದೆ ಬರಬಹುದು. 40 ಮೀಟರ್ ದಾಟಿದ ಟೆಕ್ನಿಕಲ್ ಡೈವಿಂಗ್‌ಗೆ ಟಿಡಿಐ, ಜಿಯುಇ ಅಂಥ ಸಂಸ್ಥೆಗಳ ದಾರಿಯೇ ಬೇರೆ. ಈಗ ನಿಮಗೆ ಅದರ ಗೊಡವೆ ಬೇಡ. ನಿಜ ಹೇಳಬೇಕೆಂದರೆ ಆರು ಡೈವಿಗೆ ಅಡ್ವಾನ್ಸ್ಡೂ ಬೇಡ. ನಿಯಮ ಬಿಡುತ್ತದೆ, ನಾನು ಬಿಡುವುದಿಲ್ಲ. ಮಳೆಗಾಲ ಮುಗಿದು ನೇತ್ರಾಣಿ ಸೀಸನ್ ಶುರುವಾದಾಗ 18 ಮೀಟರ್ ಒಳಗೇ ಇನ್ನೊಂದು ಹತ್ತು ಡೈವ್ ಮಾಡಿ. ಕಲಿಸುವವರ ಕೈಗುಣವೂ ಅಷ್ಟರಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮೂರಿನ ಮುಚ್ಚಿದ ಚಿನ್ನದ ಗಣಿಯಲ್ಲಿ ನೀರು ತುಂಬಿದೆಯಂತೆ. ಅಡ್ವಾನ್ಸ್ಡ್ ಕಾರ್ಡ್ ಇದ್ದರೆ ಅಲ್ಲಿ ಡೈವ್ ಮಾಡಬಹುದೇ?
– ಕೆಜಿಎಫ್‌ನ ಓದುಗರು

ಉತ್ತರ: ಬೇಡವೇ ಬೇಡ. ಗಣಿ ಮುಚ್ಚಿದ್ದು 2001ರಲ್ಲಿ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ. ಖುಷಿಗೆ ಡೈವ್ ಮಾಡುವ ನಮ್ಮಂಥವರ ಮಿತಿ ಹೆಚ್ಚೆಂದರೆ 40 ಮೀಟರ್. ಆಳ ಹಾಗಿರಲಿ, ತಲೆಯ ಮೇಲೆ ಬಂಡೆ ಇರುವ ಕಡೆ ತೊಂದರೆ ಆದರೆ ನೇರ ಮೇಲಕ್ಕೆ ಬರಲು ಆಗದು. ಓಪನ್ ವಾಟರ್, ಅಡ್ವಾನ್ಸ್ಡ್ ಎರಡೂ ಮೇಲೆ ಬಯಲಿದೆ ಅಂತ ನಂಬಿ ಕಲಿಸುವ ಪಾಠ. ಗುಹೆಯಂಥ ಮುಚ್ಚಿದ ಜಾಗಕ್ಕೆ ಬೇರೆಯೇ ತರಬೇತಿ, ಬೇರೆಯೇ ಸಲಕರಣೆ. ಹಳೇ ಗಣಿಗೆ ಅವುಗಳನ್ನು ಹೊತ್ತುಕೊಂಡೂ ಇಳಿಯಬೇಡಿ.